ಗಾಜಿನ ಮೇಲಿನ ಹಪ್ಪಳ

"ಮುಟ್ಟಬೇಡಿ!"

ಮೋಹನದಾಸನ ಕೂಗಿಗೆ ತಾರಸಿಯ ಅಂಚಿನಲ್ಲಿ ಕೂತಿದ್ದ ಕಾಗೆಗಳು ಹಾರಿಹೋದವು. ವಕೀಲೆ ಶಶಿಪ್ರಭಾ ಮಾತ್ರ ಕೈ ಹಿಂದಕ್ಕೆ ತೆಗೆಯಲಿಲ್ಲ. ಸೋಲಾರ್ ಪೆಟ್ಟಿಗೆಯ ಗಾಜಿನಿಂದ ಒಂದು ಗೇಣು ಮೇಲೆ ಅವಳ ಅಂಗೈ ಹಾಗೇ ನಿಂತಿತ್ತು.

"ಯಾಕೆ? ಸುಡ್ತದಾ?"

"ಸುಡದೆ ಮತ್ತೆ? ಬಿಸಿಲಿನಲ್ಲಿ ನೀರು ಕಾಯಿಸುವ ಯಂತ್ರ ಅದು. ಐಸ್ ಕ್ಯಾಂಡಿ ಪೆಟ್ಟಿಗೆ ಅಲ್ಲ."

"ನೀರು ಕಾಯಿಸುವ ಯಂತ್ರ ಇಲ್ಲಿ ಉಂಟು. ಹಾಗಾದರೆ ಕೆಳಗೆ ಬಚ್ಚಲುಮನೆಯಲ್ಲಿ ತೆಂಗಿನ ಸಿಪ್ಪೆ ಯಾಕೆ ಉರೀತಾ ಉಂಟು?"

ಮೋಹನದಾಸ ಬಗ್ಗಿ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಲಾಡ್ಜಿನ ಹಿತ್ತಿಲಿನಿಂದ ಎದ್ದ ಹೊಗೆ ಅವನ ಇಸ್ತ್ರಿ ಅಂಗಿಯವರೆಗೂ ಬಂದು ಮುಟ್ಟುತ್ತಿತ್ತು.

"ನಮ್ಮ ಗಿರಾಕಿಗಳಿಗೆ ಹೊಗೆ ವಾಸನೆ ಇಲ್ಲದ ನೀರು ಮಿಂದ ಹಾಗೆ ಆಗುವುದಿಲ್ಲ ಅಂತೆ. ಅದಕ್ಕೂ ಕೇಸು ಹಾಕ್ತೀರಾ?"

ಹಂಪನಕಟ್ಟೆಯ ಈ ‘ಸಮುದ್ರಛಾಯಾ’ ಲಾಡ್ಜಿನ ತಾರಸಿಯಿಂದಲೇ ಹೋದ ವಾರ ಸರ್ಕಾರಿ ಇಂಜಿನಿಯರ್ ಸುಲೈಮಾನ್ ಹಿತ್ತಿಲ ಕಟ್ಟಿಗೆ ರಾಶಿಯ ಮೇಲೆ ಬಿದ್ದು ಸತ್ತಿದ್ದರು. ತಳ್ಳಿದವನೆಂದು ಪೊಲೀಸರು ಹಿಡಿದದ್ದು ಪೈಪ್ ಫಿಟ್ಟರ್ ದುಗ್ಗಪ್ಪನನ್ನು. ಸೋಲಾರ್ ಹಾಕಿಸಿದವರಿಗೆ ಸರ್ಕಾರ ಕೊಡುವ ಸಬ್ಸಿಡಿ ಕೈಗೆ ಬರಬೇಕಾದರೆ ಇಂಜಿನಿಯರ್ ಬಂದು ನೋಡಿ ಸರಿ ಎನ್ನಬೇಕು. ಸುಲೈಮಾನ್ ಸರಿ ಎನ್ನಲಿಲ್ಲ, ಅದರಿಂದ ದುಗ್ಗಪ್ಪನ ಕೂಲಿಗೆ ಕಲ್ಲು ಬಿತ್ತು, ಆ ಸಿಟ್ಟಿನಲ್ಲಿ ತಳ್ಳಿದ. ಇದು ಲಾಡ್ಜಿನ ಮ್ಯಾನೇಜರ್ ಮೋಹನದಾಸ ಪೊಲೀಸರಿಗೆ ಕೊಟ್ಟ ಸಾಕ್ಷಿ.

ದುಗ್ಗಪ್ಪ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ತನ್ನ ಪರ ನಿಂತ ಶಶಿಪ್ರಭಾಳ ಮುಂದೆಯೂ ಅವನು ಬಾಯಿ ಬಿಟ್ಟಿರಲಿಲ್ಲ. ನಾಳೆ ಅವನ ಜಾಮೀನಿನ ವಿಚಾರಣೆ. ಬಾಯಿ ಇಲ್ಲದ ಆರೋಪಿಯನ್ನು ಹಿಡಿದುಕೊಂಡು ನ್ಯಾಯಾಧೀಶರ ಮುಂದೆ ಎಂತ ಹೇಳುವುದು?

"ಈ ಪೆಟ್ಟಿಗೆಯನ್ನು ಸಂಜೆ ಇಳಿಸ್ತೇವೆ," ಎಂದ ಮೋಹನದಾಸ. "ಮಳೆ ಬಂದ್ರೆ ಹಾಳಾಗ್ತದೆ. ಮಾವ ಹೇಳಿಯಾಯ್ತು."

ಮಾವ ಎಂದರೆ ಲಾಡ್ಜಿನ ಯಜಮಾನ ಚಿತ್ತರಂಜನ. ಮೋಹನದಾಸನ ತಾಯಿಯ ತಮ್ಮ.

"ಬಿಸಿಲಿಗೂ ಮಳೆಗೂ ಇರಲಿ ಅಂತ ಮಾಡಿದ ಪೆಟ್ಟಿಗೆ ಮಳೆಗೆ ಹೆದರುವುದನ್ನು ಇವತ್ತೇ ಕೇಳಿದ್ದು," ಎನ್ನುತ್ತ ಶಶಿಪ್ರಭಾ ಮಂಡಿಯೂರಿ ಕೂತಳು.

ಬಸ್ಸುಗಳ ಹೊಗೆಯ ಕಪ್ಪು ಧೂಳು ಗಾಜಿನ ಮೇಲೆ ತೆಳ್ಳಗೆ ಕೂತಿತ್ತು. ನೇರ ನಿಂತು ನೋಡಿದರೆ ಬರೀ ಧೂಳು. ಅವಳು ಕೆನ್ನೆಯನ್ನು ಗಾಜಿನ ಮಟ್ಟಕ್ಕೆ ತಂದು, ಬಿಸಿಲಿಗೆ ಅಡ್ಡಲಾಗಿ ನೋಡಿದಳು.

ಧೂಳು ಎಲ್ಲ ಕಡೆ ಒಂದೇ ಹಾಗೆ ಕೂತಿರಲಿಲ್ಲ. ಅಲ್ಲಲ್ಲಿ ದಟ್ಟವಾಗಿ ಅಂಟಿಕೊಂಡಿತ್ತು. ದುಂಡಗೆ. ಸಾಲು ಸಾಲಾಗಿ, ಒಂದರ ಪಕ್ಕ ಒಂದು, ತಟ್ಟೆಗಳನ್ನು ಜೋಡಿಸಿಟ್ಟು ಎತ್ತಿದ ಹಾಗೆ. ಪ್ರತಿಯೊಂದು ದುಂಡಿನ ನಡುವೆ ಓರೆಯಾಗಿ ಒಂದು ಗೀರು.

ಗಾಜಿನ ಅಂಚಿನ ರಬ್ಬರ್ ಪಟ್ಟಿಯಲ್ಲಿ ಕೆಂಪಗೆ ಏನೋ ಸಿಕ್ಕಿಕೊಂಡಿತ್ತು. ಉಗುರಿನ ತುದಿಯಿಂದ ಎಬ್ಬಿಸಿದಳು. ಮೆಣಸಿನ ಚೂರು. ಮೂಗಿಗೆ ಹಿಡಿದಳು. ತೆಂಗಿನೆಣ್ಣೆ, ಅದರ ಹಿಂದೆ ಹಲಸು.

"ಎಂತ ಮೂಸಿ ನೋಡ್ತಾ ಇದ್ದೀರಿ? ಪೊಲೀಸ್ ನಾಯಿಯ ಕೆಲಸವೂ ನೀವೇ ಮಾಡ್ತೀರಾ?"

"ನಿಮ್ಮ ಲಾಡ್ಜಿನಲ್ಲಿ ಸಂಸಾರ ಮಾಡುವವರು ಯಾರಾದ್ರೂ ಇದ್ದಾರಾ ಮೋಹನದಾಸ್?"

"ಇಲ್ಲಿ ಬರುವುದು ಮೆಡಿಕಲ್ ರೆಪ್ಪುಗಳು, ದುಬಾಯಿಗೆ ಹೋಗುವವರು. ಸಂಸಾರ ಎಂತದ್ದು?"

"ಸುಮ್ಮನೆ ಕೇಳಿದೆ."

ಮೋಹನದಾಸ ಅವಳ ಮುಖ ನೋಡಿದ. ಗಾಜನ್ನು ನೋಡಿದ. ನಿಂತಲ್ಲಿಂದ ಅವನಿಗೆ ಕಂಡದ್ದು ಧೂಳು ಮಾತ್ರ. ಆದರೂ ಏನೋ ಅನುಮಾನ ಬಂತು. ಫೋನು ಮಾಡಲಿಕ್ಕೆಂದು ದಡದಡನೆ ಮೆಟ್ಟಿಲಿಳಿದ.

ಮೆಟ್ಟಿಲ ಬಾಗಿಲಲ್ಲೇ ನಿಂತಿದ್ದಳು ಬಾಗಿ, ದುಗ್ಗಪ್ಪನ ಹೆಂಡತಿ. ಬೆಳಿಗ್ಗೆಯಿಂದ ಶಶಿಪ್ರಭಾಳ ಬೆನ್ನಿಗೆ ಬಿದ್ದು ಬಂದವಳು, ತಾರಸಿಗೆ ಮಾತ್ರ ಕಾಲಿಟ್ಟಿರಲಿಲ್ಲ. ಶಶಿಪ್ರಭಾ ಕೈಹಿಡಿದು ಎಳೆದುಕೊಂಡು ಬಂದಳು.

"ಬಾಗಿ, ಇಲ್ಲಿ ಬಾ, ಬಗ್ಗು. ಎಂತ ಕಾಣ್ತದೆ?"

ಬಾಗಿ ಬಗ್ಗಲಿಲ್ಲ. "ನನಗೆ ಎಂತ ಗೊತ್ತು ವಕೀಲಮ್ಮ."

"ಹಪ್ಪಳ ಮಾರಾಯ್ತಿ! ಹಸಿ ಹಪ್ಪಳ ಹರಡಿದ ಗುರುತು. ಎಣ್ಣೆಯೂ ಹಲಸಿನ ಅಂಟೂ ಗಾಜಿಗೆ ಹಿಡಿದಿದೆ. ಲಾಡ್ಜಿನಲ್ಲಿ ಹಪ್ಪಳ ಒಣಗಿಸುವವರು ಯಾರೂ ಇಲ್ಲ, ಈ ಪೆಟ್ಟಿಗೆ ಬೇರೆ ಮನೆಯದ್ದು. ಈ ಊರಿನಲ್ಲಿ ಮೊದಲು ಸೋಲಾರ್ ಹಾಕಿಸಿದ್ದು ಬಿಜೈಯಲ್ಲಿ, ಚಿತ್ತರಂಜನರ ಅಕ್ಕ, ಈ ಮೋಹನದಾಸನ ತಾಯಿ ಕುಶಲಕ್ಕನ ಮನೆಗೆ. ನೀನು ಕೆಲಸಕ್ಕೆ ಹೋಗುವ ಮನೆ. ಅಲ್ಲಿಯ ಪೆಟ್ಟಿಗೆಯನ್ನೇ ಇಲ್ಲಿಗೆ ತಂದು ಕೂರಿಸಿದ್ದಾರೆ. ಒಂದೇ ಪೆಟ್ಟಿಗೆ, ಮನೆಮನೆಗೆ ಮೆರವಣಿಗೆ, ಹೋದಲ್ಲೆಲ್ಲ ಸಬ್ಸಿಡಿ. ಸುಲೈಮಾನ್ ಇದನ್ನು ಕಂಡುಹಿಡಿದಿರಬೇಕು. ಹಾಗಾದರೆ ಅವರು ಸತ್ತದ್ದರಿಂದ ಲಾಭ ಯಾರಿಗೆ? ನಿನ್ನ ಗಂಡನಿಗಾ?"

ಬಾಗಿಯ ಮುಖ ಅರಳಲಿಲ್ಲ. ನಿದ್ದೆಯಿಲ್ಲದೆ ಬಳಲಿದ್ದಾಳೆ ಅಂದುಕೊಂಡಳು ಶಶಿಪ್ರಭಾ.

"ಇದನ್ನು ಅಲ್ಲಿಂದ ಹೊತ್ತು ತಂದವರು ಯಾರು ಅಂತ ಕೇಳ್ತಾರಾ?" ಎಂದಳು ಬಾಗಿ ಮೆಲ್ಲಗೆ.

"ಕೇಳ್ತಾರೆ. ಕೇಳಬೇಕು. ನಾನು ಬಿಜೈಗೆ ಹೋಗಿ ಬರ್ತೇನೆ. ಬರುವಾಗ ಸಬ್ ಇನ್ಸ್‌ಪೆಕ್ಟರ್ ಆಂಬ್ರೋಸರನ್ನು ಕರ್ಕೊಂಡೇ ಬರ್ತೇನೆ. ಅಲ್ಲಿವರೆಗೆ ಈ ಗಾಜಿನ ಹತ್ತಿರ ಒಂದು ನೊಣವನ್ನೂ ಬಿಡಬೇಡ. ನಿನ್ನ ಗಂಡನ ಜೀವ ಇದರ ಮೇಲೆ ಉಂಟು. ಆಯ್ತಾ?"

"ಆಯ್ತು," ಎಂದಳು ಬಾಗಿ.

*

ಕುಶಲಕ್ಕ ಚಹಾದ ಜೊತೆ ಹಪ್ಪಳವನ್ನೇ ತಂದಿಟ್ಟರು. ಕೆಂಡದ ಮೇಲೆ ಸುಟ್ಟದ್ದು. ಶಶಿಪ್ರಭಾ ಒಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ನಡುವೆ ಓರೆಯಾಗಿ ಒಂದು ಗೀರು.

"ಎಂತ ನೋಡ್ತಿ ಮಗಾ? ತಿನ್ನು. ಆ ಗೀರು ನಮ್ಮ ಅಮ್ಮನ ಕಾಲದ್ದು. ಒತ್ತುವ ಮಣೆ ಒಡೆದಿದೆ. ಹೊಸತು ಮಾಡಿಸುವ ಅಂತ ಇವರೆಲ್ಲ ಹೇಳ್ತಾರೆ. ನನಗೆ ಅಮ್ಮನ ಮಣೆಯೇ ಆಗಬೇಕು."

"ಈ ವರ್ಷ ಎಲ್ಲಿ ಒಣಗಿಸಿದ್ರಿ ಕುಶಲಕ್ಕ?"

ಕುಶಲಕ್ಕ ನಕ್ಕರು. "ಅದೊಂದು ತಮಾಷೆ. ತಮ್ಮ ಮಾಡಿನ ಮೇಲೆ ಸೋಲಾರ್ ಹಾಕಿಸಿಕೊಟ್ಟ ಅಲ್ವಾ. ಅದರ ನೀರು ನನಗೆ ಆಗುವುದಿಲ್ಲ, ಸಪ್ಪೆ. ನಾನು ಹಂಡೆಗೇ ಬೆಂಕಿ ಹಾಕಿಸ್ತೇನೆ. ಆದರೆ ಗಾಜು ಮಾತ್ರ ಬಾರೀ ಲಾಯ್ಕ! ಚಾಪೆಯಲ್ಲಿ ಹಾಕಿದ್ರೆ ಮರಳು, ಕಾಗೆ. ಗಾಜಿನ ಮೇಲೆ ಒಂದೇ ಬಿಸಿಲಿಗೆ ಕಟಕಟ ಅಂತ ಒಣಗ್ತದೆ."

"ಇಂಜಿನಿಯರ್ ನೋಡ್ಲಿಕ್ಕೆ ಬಂದಿದ್ರಲ್ಲ?"

"ಪಾಪ, ಆ ಸುಲೈಮಾನ್ ಸಾಹೇಬರು. ಬಂದ ದಿವಸ ಗಾಜಿನ ತುಂಬ ಹಪ್ಪಳ. ‘ಅಕ್ಕ, ಸರ್ಕಾರ ಸಬ್ಸಿಡಿ ಕೊಡುವುದು ಮೀಯುವ ನೀರಿಗೆ, ಹಪ್ಪಳಕ್ಕಲ್ಲ’ ಅಂತ ನಗಾಡಿದ್ರು. ‘ಹಾಗಾದರೆ ಹಪ್ಪಳಕ್ಕೆ ಬೇರೆ ಸಬ್ಸಿಡಿ ಬರೆಯಿರಿ’ ಅಂದೆ. ಹೆಂಡತಿ ನಾಝಿಮಾಗೆ ಅಂತ ಒಂದು ಕಟ್ಟು ತಗೊಂಡು ಹೋದ್ರು." ಅವರ ನಗು ಅಲ್ಲಿಗೆ ನಿಂತಿತು. "ಒಳ್ಳೆಯ ಮನುಷ್ಯ. ಆ ದುಗ್ಗಪ್ಪನಿಗೆ ಯಾಕೆ ಅಂಥ ಬುದ್ಧಿ ಬಂತೋ."

"ಈಗ ಸೋಲಾರ್ ಎಲ್ಲಿ ಉಂಟು ಕುಶಲಕ್ಕ? ಹೊರಗಿನಿಂದ ನೋಡಿದೆ. ಮಾಡಿನ ಮೇಲೆ ಬೋಳು ಕಟ್ಟೆ ಮಾತ್ರ ಉಂಟು."

"ರಿಪೇರಿಗೆ ಅಂತ ಬೈಕಂಪಾಡಿಗೆ ಹೋಗಿದೆ. ಮೋಹನ ಟೆಂಪೋ ತಂದಿದ್ದ."

"ಮಾಡಿನಿಂದ ಇಳಿಸಿ ಹೊತ್ತವರು ಯಾರು?"

ಕುಶಲಕ್ಕ ಬಾಯಿ ತೆರೆಯುವಷ್ಟರಲ್ಲಿ ಅಂಗಳದಲ್ಲಿ ಅಂಬಾಸಿಡರ್ ಕಾರು ಬಂದು ನಿಂತಿತು. ಬಾಗಿಲು ಬಡಿದ ಸದ್ದಿಗೆ ಚಹಾದ ಲೋಟ ನಡುಗಿತು.

ಚಿತ್ತರಂಜನ ಒಳಗೆ ಬಂದವರು ಕೂರಲಿಲ್ಲ. ಬಿಳಿ ಮುಂಡಿನ ಅಂಚನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ತಟ್ಟೆಯ ಹಪ್ಪಳವೊಂದನ್ನು ಎತ್ತಿ, ಶಶಿಪ್ರಭಾಳ ಮುಂದೆಯೇ ಪುಡಿ ಮಾಡಿದರು.

"ನಮ್ಮ ಮನೆಯ ಹಪ್ಪಳ ತಿಂದು ನಮ್ಮ ಮನೆಗೇ ಬೆಂಕಿ ಇಡ್ಲಿಕ್ಕೆ ಬಂದಿದ್ದೀಯಾ?"

"ಬೆಂಕಿ ಇಡುವಷ್ಟು ಬಿಸಿ ನಿಮ್ಮ ಸೋಲಾರಿನಲ್ಲಿ ಇಲ್ಲವಲ್ಲ ಅಣ್ಣ."

"ಅಣ್ಣ ಅಂತ ಕರೆಯಬೇಡ. ನಿನ್ನ ಅಜ್ಜಿ ಸತ್ತಾಗ ಬೊಜ್ಜದ ಊಟಕ್ಕೆ ಎಲೆ ಹಾಕಿದ್ದು ನಾನು. ನಮ್ಮವಳು ಅಂತ ಇಷ್ಟು ದಿವಸ ಸುಮ್ಮನಿದ್ದೆ. ಒಬ್ಬ ಕೂಲಿಯವನಿಗೆ ಬೇಕಾಗಿ ಕುಟುಂಬದ ಮರ್ಯಾದೆ ಪೇಟೆಗೆ ಹಾಕ್ತೀಯಾ?"

"ಪೇಟೆಗೆ ಹಾಕಿದ್ದು ನಾನಲ್ಲ. ಪೆಟ್ಟಿಗೆಯನ್ನು ಟೆಂಪೋದಲ್ಲಿ ಹಾಕಿ ಪೇಟೆ ಸುತ್ತಿಸಿದ್ದು ನೀವು. ಇಲ್ಲಿ ಒಮ್ಮೆ, ಅತ್ತಾವರದ ನಿಮ್ಮ ಭಾವನ ನರ್ಸಿಂಗ್ ಹೋಮಿನಲ್ಲಿ ಒಮ್ಮೆ. ಅಲ್ಲಿಯೂ ಬೋಳು ಕಟ್ಟೆ, ಬರುವ ದಾರಿಯಲ್ಲಿ ನೋಡಿ ಬಂದಿದ್ದೇನೆ. ಕಡೆಗೆ ಲಾಡ್ಜು. ಸುಲೈಮಾನ್ ಕೈಗೆ ಸಿಕ್ಕಿಬಿದ್ದದ್ದು ಅಲ್ಲೇ."

"ಸಾಕ್ಷಿ?"

"ಗಾಜಿನ ಮೇಲೆ ಉಂಟು."

"ಗಾಜಿನ ಮೇಲೆ!" ಚಿತ್ತರಂಜನ ಅಕ್ಕನ ಕಡೆ ತಿರುಗಿದರು. "ಕೇಳಿದೆಯಾ ಅಕ್ಕ? ನಿನ್ನ ಹಪ್ಪಳವನ್ನು ಕೋರ್ಟಿಗೆ ಕರೆಸ್ತಾಳಂತೆ. ಊರವರು ಮಾತಾಡಿಕೊಳ್ಳಲಿ, ಕುಶಲಾ ಹಪ್ಪಳ ಒತ್ತಿ ತಮ್ಮನನ್ನು ಜೈಲಿಗೆ ಹಾಕಿದಳು ಅಂತ."

ಕುಶಲಕ್ಕ ತಮ್ಮನನ್ನು ನೋಡಲಿಲ್ಲ. "ರಿಪೇರಿಗೆ ಅಂತ ಹೇಳಿದ್ದು ಸುಳ್ಳಾ?" ಎಂದು ಕೇಳಿದರು.

"ನಿನಗೆ ಅದೆಲ್ಲ ಯಾಕೆ? ಸರ್ಕಾರ ಕೊಡ್ತದೆ, ಜನ ತಗೊಳ್ತಾರೆ. ನಾವು ತಗೊಳ್ಳದಿದ್ರೆ ಬೇರೆಯವರು ತಗೊಳ್ತಾರೆ."

"ಶಶಿ, ನನ್ನ ಮಗ ಪೊಲೀಸರಿಗೆ ಎಂತ ಹೇಳಿದ್ದಾನೆ?"

"ದುಗ್ಗಪ್ಪ ತಾರಸಿಯಿಂದ ಇಳಿದು ಓಡಿದ್ದನ್ನು ಕಣ್ಣಾರೆ ಕಂಡೆ ಅಂತ."

ಕುಶಲಕ್ಕ ಎದ್ದು ಒಳಗೆ ಹೋದರು. ಚಿತ್ತರಂಜನ ಬೆರಳಿಗೆ ಅಂಟಿದ ಹಪ್ಪಳದ ಪುಡಿಯನ್ನು ಉಜ್ಜುತ್ತ ನಿಂತರು. ಮಾತು ಮುಗಿಯಿತು ಎಂದೇ ಅವರು ತಿಳಿದಂತಿತ್ತು. ಈ ಮನೆಯಲ್ಲಿ ಇಷ್ಟು ವರ್ಷ ಕಡೆಯ ಮಾತು ಅವರದ್ದೇ ಆಗಿತ್ತು.

ಕುಶಲಕ್ಕ ಹೊರಗೆ ಬಂದಾಗ ಕೈಯಲ್ಲಿ ಮಣೆ ಇತ್ತು. ಎಣ್ಣೆ ಕುಡಿದು ಕಪ್ಪಾದ ಹಲಸಿನ ಮಣೆ, ನಡುವೆ ಓರೆಯಾದ ಬಿರುಕು. ಅದನ್ನು ಶಶಿಪ್ರಭಾಳ ಮಡಿಲಲ್ಲಿ ಇಟ್ಟರು.

"ತಗೊಂಡು ಹೋಗು ಮಗಾ. ಗಾಜಿನ ಗುರುತಿಗೆ ಇದನ್ನು ತಾಗಿಸಿ ನೋಡು."

"ಅಕ್ಕ!" ಚಿತ್ತರಂಜನರ ದನಿ ಒಡೆಯಿತು. "ಮೋಹನ ನಿನ್ನ ಹೊಟ್ಟೆಯಲ್ಲಿ ಹುಟ್ಟಿದವನು!"

"ಅದಕ್ಕೇ. ಕಂಡದ್ದನ್ನು ಹೇಳಿದ್ದಾನಾ, ನೀನು ಹೇಳಿಕೊಟ್ಟದ್ದನ್ನು ಹೇಳಿದ್ದಾನಾ, ನನಗೂ ಗೊತ್ತಾಗಬೇಕು."

"ಆ ಮಣೆ ಈ ಹೊಸಿಲು ದಾಟಿದ್ರೆ ನಾನು ಮತ್ತೆ ಈ ಹೊಸಿಲು ತುಳಿಯುವುದಿಲ್ಲ."

"ಹೊಸಿಲು ನನ್ನದು," ಎಂದರು ಕುಶಲಕ್ಕ. "ಅಮ್ಮನಿಂದ ನನಗೆ ಬಂದದ್ದು. ನೀನು ನೋಡಿಕೊಳ್ಳುವವನು, ಅಷ್ಟೇ. ಅದು ನಿನಗೆ ಮರೆತದ್ದು ಯಾವಾಗ?"

ಶಶಿಪ್ರಭಾ ಎಣಿಸಿಯೇ ಇರದ ಹಾಗೆ ಚಿತ್ತರಂಜನ ನಕ್ಕರು.

"ಹೋಗು ಶಶಿಪ್ರಭಾ. ಮಣೆ ತಗೊಂಡು ಹೋಗು. ಆ ಗಾಜನ್ನು ಕಾಯ್ಲಿಕ್ಕೆ ಯಾರನ್ನು ಬಿಟ್ಟು ಬಂದಿದ್ದೀ?"

"ನನಗೆ ನಂಬಿಕೆ ಇರುವವರನ್ನು."

"ನಂಬಿಕೆ!" ಅವರು ಕೈ ಝಾಡಿಸಿದರು. "ನಿನ್ನ ದುಗ್ಗಪ್ಪ ಯಾಕೆ ಬಾಯಿ ಬಿಡುವುದಿಲ್ಲ, ಅದನ್ನು ಯಾವತ್ತಾದ್ರೂ ಯೋಚಿಸಿದ್ದೀಯಾ? ನನಗೆ ಹೆದರಿ ಅಂತ ಎಣಿಸಿದ್ದಿ. ನನಗೆ ಹೆದರುವವನಾಗಿದ್ರೆ ನಾನು ಹೇಳಿಕೊಟ್ಟದ್ದನ್ನು ಹೇಳ್ತಿದ್ದ. ಅವನು ಅದನ್ನೂ ಹೇಳ್ಲಿಲ್ಲ. ಯಾರಿಗೆ ಬೇಕಾಗಿ ಸುಮ್ಮನಿದ್ದಾನೆ, ಹೋಗಿ ಕೇಳು."

ಬಸ್ಸಿನಲ್ಲಿ ಮಣೆಯನ್ನು ಎದೆಗೆ ಒತ್ತಿ ಹಿಡಿದು ನಿಂತಾಗಲೂ ಆ ಮಾತು ಅವಳ ಕಿವಿಯನ್ನು ಬಿಡಲಿಲ್ಲ. ಹೆದರಿಸಲಿಕ್ಕೆ ಆಡಿದ ಮಾತು, ಅಷ್ಟೇ, ಎಂದು ತನಗೆ ತಾನೇ ಹೇಳಿಕೊಂಡಳು.

*

"ಮೂರು ಮಾಳಿಗೆ ಹತ್ತಿಸ್ತಾ ಇದ್ದೀರಿ," ಎಂದು ಏದುಸಿರು ಬಿಟ್ಟರು ಸಬ್ ಇನ್ಸ್‌ಪೆಕ್ಟರ್ ಆಂಬ್ರೋಸ್. "ಮೇಲೆ ಎಂತ ಇಲ್ಲದಿದ್ರೆ ನಾನೇ ನಿಮ್ಮನ್ನು ಕೆಳಗೆ ದೂಡ್ತೇನೆ. ತಮಾಷೆಗೆ ಹೇಳಿದ್ದು."

"ಈ ತಾರಸಿಯಲ್ಲಿ ಅಂಥ ತಮಾಷೆ ಬೇಡ ಸಾರ್. ನೀವು ಮಹಜರು ಬರೆಯುವಾಗ ಗಾಜನ್ನು ಓರೆಯಾಗಿ ನೋಡಲಿಲ್ಲ. ಇವತ್ತು ನೋಡಿ. ಆಮೇಲೆ ದುಗ್ಗಪ್ಪನನ್ನು ಇಟ್ಟುಕೊಳ್ಳುವುದು, ಬಿಡುವುದು ನಿಮಗೆ ಬಿಟ್ಟದ್ದು."

"ನನಗೆ ಕೆಲಸ ಕಲಿಸ್ಲಿಕ್ಕೆ ಬರಬೇಡಿ ಮೇಡಂ. ನೋಡ್ತೇನೆ ಅಂದಿದ್ದೇನೆ, ನೋಡ್ತೇನೆ."

ಪಡುವಣದಲ್ಲಿ ಮೋಡ ಕಟ್ಟಿತ್ತು, ಆದರೆ ಸೂರ್ಯ ಇನ್ನೂ ಅದರ ಕೈಗೆ ಸಿಕ್ಕಿರಲಿಲ್ಲ. ಓರೆ ಬಿಸಿಲು ತಾರಸಿಯ ಮೇಲೆ ಉದ್ದಕ್ಕೆ ಬಿದ್ದಿತ್ತು. ಗುರುತು ನೋಡಲಿಕ್ಕೆ ಇದಕ್ಕಿಂತ ಒಳ್ಳೆಯ ಬೆಳಕು ಬೇಡ.

ಶಶಿಪ್ರಭಾ ಮಣೆಯ ಮೇಲಿನ ಬಟ್ಟೆ ಬಿಚ್ಚುತ್ತ ಪೆಟ್ಟಿಗೆಯ ಹತ್ತಿರ ಹೋದಳು. ಹೋದವಳು ನಿಂತುಬಿಟ್ಟಳು.

ಗಾಜು ಹೊಳೆಯುತ್ತಿತ್ತು.

ಧೂಳಿಲ್ಲ. ದುಂಡು ಇಲ್ಲ, ಗೀರು ಇಲ್ಲ. ಗಾಜಿನೊಳಗಿನ ಕಪ್ಪು ತಗಡು, ತಾಮ್ರದ ಕೊಳವೆ, ಮೇಲೆ ಹಾರುವ ಹದ್ದಿನ ಬಿಂಬ ಎಲ್ಲ ನಿಚ್ಚಳ. ರಬ್ಬರ್ ಪಟ್ಟಿಯ ಸಂದಿನಲ್ಲಿ ಕೂಡ ಯಾರೋ ಕಡ್ಡಿ ಹಾಕಿ ಕೆರೆದಿದ್ದರು. ಬೂದಿಯ ವಾಸನೆ ಬರುತ್ತಿತ್ತು.

"ಮೋಹನದಾಸ್!" ಎಂದು ಕಿರುಚಿದಳು ಶಶಿಪ್ರಭಾ. "ಎಲ್ಲಿ ಹೋದ ಅವನು? ಸಾಕ್ಷಿ ಅಳಿಸಿದ್ದಾನೆ ಸಾರ್! ಅವನನ್ನು ಹಿಡಿಯಿರಿ!"

"ಅವರಲ್ಲ."

ನೀರಿನ ಟ್ಯಾಂಕಿನ ಮರೆಯಿಂದ ಬಾಗಿ ಎದ್ದು ಬಂದಳು. ಕೈಯಲ್ಲಿ ಒದ್ದೆ ಬಟ್ಟೆ. ಮೊಣಕೈಯವರೆಗೂ ಬೂದಿ.

"ಒರೆಸಿದ್ದು ನಾನು ವಕೀಲಮ್ಮ."

ಆಂಬ್ರೋಸ್ ಗಾಜನ್ನು ನೋಡಿದರು, ಬಾಗಿಯನ್ನು ನೋಡಿದರು, ಬರೆಯಲೆಂದು ತೆಗೆದಿದ್ದ ಪೆನ್ನಿಗೆ ಕ್ಯಾಪು ಹಾಕಿದರು.

"ಚಂದ ಉಂಟು. ತೊಳೆದ ಗಾಜು ತೋರಿಸ್ಲಿಕ್ಕೆ ಕರೆದದ್ದಾ? ನಾಳೆ ಜಾಮೀನಿಗೆ ನಾನು ಆಕ್ಷೇಪ ಹಾಕ್ತೇನೆ ಮೇಡಂ. ನಿಮ್ಮ ಕಕ್ಷಿಗಾರನ ಹೆಂಡತಿಯೇ ಸಾಕ್ಷಿ ಅಳಿಸ್ತಾಳೆ ಅಂತಲೂ ಹೇಳ್ತೇನೆ." ಅವರು ಮೆಟ್ಟಿಲ ಕಡೆ ತಿರುಗಿದರು.

"ಎಷ್ಟು ಕೊಟ್ರು?" ಎಂದಳು ಶಶಿಪ್ರಭಾ. "ಗಂಡನನ್ನು ಎಷ್ಟಕ್ಕೆ ಮಾರಿದೆ ಬಾಗಿ?"

"ಬಾಯಿಗೆ ಬಂದ ಹಾಗೆ ಹೇಳಬೇಡಿ!" ಬಾಗಿಯೂ ದನಿ ಏರಿಸಿದಳು. "ಹೊತ್ತು ತಂದವರು ಯಾರು ಅಂತ ಕೇಳ್ತಾರೆ ಅಂದ್ರಲ್ಲ. ಅಕ್ಕನ ಮಾಡಿನಿಂದ ಇಳಿಸಿ ಹೊತ್ತು ತಂದದ್ದು ನನ್ನ ಗಂಡನೇ. ಮೋಹನಣ್ಣ ರಿಪೇರಿಗೆ ಅಂದ್ರು, ಇವರು ಹೊತ್ತರು."

"ಹೊತ್ತದ್ದು ತಪ್ಪಲ್ಲ ಮಾರಾಯ್ತಿ! ಅದಕ್ಕೆ ಹೆದರಿ ಗುರುತು ಅಳಿಸಿದೆಯಾ?"

"ಅದಕ್ಕಲ್ಲ."

ಬಾಗಿ ಹತ್ತಿರ ಬಂದಳು. ಶಶಿಪ್ರಭಾಳ ಕೈಯಲ್ಲಿದ್ದ ಮಣೆಯ ಮೇಲೆ ಬೂದಿಯ ಬೆರಳಿಟ್ಟಳು. ಬಿರುಕಿನ ಉದ್ದಕ್ಕೂ ಬೆರಳು ತಾನಾಗಿ ಹರಿಯಿತು.

"ಕುಶಲಕ್ಕನ ಕೈಗೆ ವಾತ. ಅವರು ಹಿಟ್ಟು ಹದ ನೋಡ್ತಾರೆ, ಅಷ್ಟೇ. ಒತ್ತುವುದು, ಮಾಡು ಹತ್ತಿ ಗಾಜಿಗೆ ಹರಡುವುದು ಎಲ್ಲ ನಾನು. ಸಾಹೇಬರು ಬಂದ ದಿವಸ ಮಾಡಿನ ಮೇಲೆ ಇದ್ದವಳೂ ನಾನೇ. ಅವರು ನನ್ನ ಮುಖ ನೆನಪಿಟ್ಟುಕೊಂಡಿದ್ರು."

"ಅದರಿಂದ ಎಂತ?"

"ಮತ್ತೊಮ್ಮೆ ಕಂಡಾಗ ಗುರುತು ಹಿಡಿದ್ರು. ಗಾಜಿನ ಮೇಲೆ ಬೆರಳಿಟ್ಟು ಕೇಳಿದ್ರು, ‘ಬಾಗಿ, ಇದು ನೀನು ಒತ್ತಿದ ಹಪ್ಪಳ ಅಲ್ವಾ?’ ಅಂತ."

ಶಶಿಪ್ರಭಾ ಮಣೆಯನ್ನು ಕೆಳಗಿಳಿಸಿದಳು. "ಎಲ್ಲಿ ಕೇಳಿದ್ರು?"

ಬಾಗಿ ಬೆಳಿಗ್ಗೆಯಿಂದ ಒಮ್ಮೆಯೂ ನೋಡದಿದ್ದ ಕಡೆಗೆ ಮುಖ ತಿರುಗಿಸಿದಳು. ಕಾಗೆಗಳು ಕೂರುವ ಆ ಗಿಡ್ಡ ಗೋಡೆಯ ಕಡೆಗೆ.

"ಇಲ್ಲೇ. ಅವರು ಬಿದ್ದ ದಿವಸ. ನನ್ನ ಗಂಡ ಅವತ್ತು ಈ ತಾರಸಿ ಹತ್ತಲೇ ಇಲ್ಲ ವಕೀಲಮ್ಮ. ಹತ್ತಿದ್ದು ನಾನು."

ಮೆಟ್ಟಿಲ ಬಾಗಿಲಲ್ಲಿ ಬೂಟಿನ ಸದ್ದು ನಿಂತಿತು. ಆಂಬ್ರೋಸ್ ಮೆಲ್ಲಗೆ ಹಿಂದೆ ತಿರುಗಿ, ಪೆನ್ನಿನ ಕ್ಯಾಪನ್ನು ಮತ್ತೆ ತೆಗೆದರು.